ಮೊದಲು ಸೇವೆ, ಆಮೇಲೆ ಬೇಡಿಕೆ

ಡಾಬಕಾ
೩ ಏಪ್ರಿಲ್ ೧೯೪೮

ಧೊಂಡಿಬಾನಿಗೆ ಅಕ್ಕ ಹೀರಾಬಾಯಿ ಬರೆಯುವುದು.

ಒಂಬತ್ತು ವರ್ಷದ ಮೇಲೆ ಬರೆಯುತ್ತಿದ್ದೇನೆ. ನೀನಾಗಿ ಬಂದು ತಪ್ಪಾಯಿತು ಎನ್ನುವವರೆಗೆ ನಿನ್ನ ಹೆಸರೆತ್ತುವುದಿಲ್ಲ ಎಂದು ಮಗ್ಗದ ಮೇಲೆ ಕೈಯಿಟ್ಟು ಹೇಳಿದ್ದೆ. ಆ ಮಾತನ್ನು ನಾನೇ ಮುರಿಯುತ್ತಿರುವುದು ಹೆದರಿಕೆಯಿಂದ. ಪ್ರೀತಿಯಿಂದ ಎಂದು ತಿಳಿಯಬೇಡ.

ಮೊನ್ನೆ ಬುಧವಾರ ಮುಂಜಾನೆ ನಿಜಾಮರ ಕಡೆಯ ರಜಾಕಾರರು ಆರು ಮಂದಿ ನಮ್ಮ ಅಂಗಳಕ್ಕೆ ಬಂದರು. ಖಾಕಿ ಅಂಗಿ, ಹೆಗಲಿಗೆ ಬಂದೂಕು. ಮುಂದಿನವನು ಕುದುರೆಯ ಮೇಲೆ ಕುಳಿತೇ ಮಾತಾಡಿದ.

“ಆಯಿ, ನಿಮ್ಮ ಕಂಬಳಿ ಭಾಳ ಗಟ್ಟಿ ಅಂತ ಕೇಳೀವಿ. ನಮ್ಮ ಮಂದಿ ಬಯಲಾಗ ಮಲಗ್ತಾರ. ನೀವು ಕೊಡ್ತೀರೋ, ನಾವೇ ತಗೋಬೇಕೋ?”

“ಕೇಳಾಕ ಒಂದು ರೀತಿ ಇರ್ತದ. ಕುದುರಿ ಇಳಿದು ಕೇಳ್ರಿ,” ಎಂದೆ.

ನಕ್ಕು ಇಳಿದ. ಹನ್ನೆರಡು ಕಂಬಳಿ ಹೊತ್ತುಕೊಂಡರು. ಅಷ್ಟಕ್ಕೇ ಹೋಗಿದ್ದರೆ ನಾನು ಬರೆಯುತ್ತಿರಲಿಲ್ಲ. ಅವನ ಬಂದೂಕು ಕೆಟ್ಟಿತ್ತು. “ಇದು ಈಗ ಬರೇ ಕೋಲು ನೋಡ್ರಿ ಆಯಿ. ಕುರಿ ಕಾಯ್ಲಾಕ ಬೇಕಾದ್ರ ಇಟ್ಟು ಹೋಗ್ತೇನಿ,” ಎಂದು ಚೇಷ್ಟೆ ಮಾಡಿದ. ಆಗ ಅವರ ಹಿಂದೆ ಬಂದಿದ್ದ ಚಾವಡಿಯ ಜ್ಞಾನೇಶ್ವರ, ಯಾರೂ ಕೇಳದಿದ್ದರೂ, “ಬಾಯಿಯವರ ತಮ್ಮ ಭಾಲ್ಕಿ ಹತ್ತಿ ಕಾರಖಾನ್ಯಾಗ ಮಿಸ್ತ್ರಿ ಅದಾನ್ರಿ. ಅವನ ಕೈಯಾಗ ಕೊಟ್ರ ಸತ್ತ ಎಂಜಿನ್ ಎದ್ದು ಕುಂಡ್ರತದ,” ಎಂದ. ಕುದುರೆಯವನು ನಿನ್ನ ಹೆಸರನ್ನು ಕೇಳಿ ಬರೆದುಕೊಂಡ. ನಿಜ ಹೇಳುತ್ತೇನೆ, ನಿನ್ನನ್ನು ಹೊಗಳಿದ ಆ ಮಾತಿಗೆ ಒಂದು ಗಳಿಗೆ ನನ್ನ ಬೆನ್ನು ನೆಟ್ಟಗಾಯಿತು. ಅವರು ಊರ ಹೊರಗೆ ಹೋದ ಮೇಲೆ ಅಂಗಳದ ಬಾಗಿಲಿಗೆ ಅಗಳಿ ಹಾಕಿದೆ.

ನೀನು ತಕ್ಷಣ ಕೆಲಸ ಬಿಟ್ಟು ಮನೆಗೆ ಬಾ. ಔರಾದ ಅಂಚೆಯಲ್ಲಿ ಕಾಗದ ಒಡೆದು ಓದುತ್ತಾರಂತೆ, ಆದ್ದರಿಂದ ನಮ್ಮ ಕುರಿಗಾರ ಹಣಮಂತಪ್ಪನ ಕೈಯಲ್ಲಿ ಕಳಿಸಿದ್ದೇನೆ. ಅವನ ಜೊತೆಗೇ ಹೊರಡು. ಹಳೆಯ ಜಗಳವನ್ನು ಮನೆಯಲ್ಲಿ ಕುಳಿತು ಆಡೋಣ.

ನಿನ್ನ ಅಕ್ಕ
ಹೀರಾಬಾಯಿ


ಭಾಲ್ಕಿ
೧೯ ಏಪ್ರಿಲ್ ೧೯೪೮

ಅಕ್ಕನ ಪಾದಗಳಿಗೆ ಧೊಂಡಿಬಾನ ನಮಸ್ಕಾರ.

ನಿನ್ನ ಅಕ್ಷರ ನೋಡಿ ಬಹಳ ಹೊತ್ತು ಓದದೆ ಕುಳಿತಿದ್ದೆ. ಹಣಮಂತಪ್ಪ ಬರುವ ಹೊತ್ತಿಗೆ ರಜಾಕಾರರು ನನ್ನ ಬಳಿ ಬಂದು ನಾಲ್ಕು ದಿನವಾಗಿತ್ತು.

ಕಾರಖಾನೆಯ ಮಾಲೀಕರು ಹತ್ತಿಯ ಹಂಗಾಮು ಮುಗಿಯುವ ಮೊದಲೇ ಸೊಲ್ಲಾಪುರಕ್ಕೆ ಹೋಗಿಬಿಟ್ಟರು. ಈಗ ಇಲ್ಲಿ ಹತ್ತಿ ಇಲ್ಲ. ನಾನು ಮತ್ತು ನನಗೆ ಕೆಲಸ ಕಲಿಸಿದ ಫಕ್ರೋದ್ದೀನ ಮಿಸ್ತ್ರಿ, ಇಬ್ಬರೇ ಇದ್ದೇವೆ. ಬಾಗಿಲಿಗೆ ಇಬ್ಬರು ಬಂದೂಕಿನವರು. ನಮ್ಮನ್ನು ಕಾಯಲು ಎಂದು ಅವರೇ ಹೇಳುತ್ತಾರೆ. ನಮ್ಮನ್ನು ಯಾರಿಂದ ಕಾಯಲು ಎಂದು ಮಿಸ್ತ್ರಿ ಸಾಹೇಬರು ಕೇಳಿದ್ದಕ್ಕೆ ಅವರ ಟೊಪ್ಪಿಗೆಯನ್ನು ಕಿತ್ತು ಎಣ್ಣೆಯ ಡಬ್ಬಿಯಲ್ಲಿ ಅದ್ದಿದರು.

ನಮ್ಮ ಲೇತ್ ಯಂತ್ರ ನಿನಗೆ ಗೊತ್ತಿಲ್ಲ. ಕಬ್ಬಿಣವನ್ನು ತಿರುಗಿಸಿ ಬೇಕಾದ ಆಕಾರಕ್ಕೆ ಕೊರೆಯುವ ಯಂತ್ರ. ಇಂಗ್ಲೆಂಡಿನದು. ಲಡಾಯಿಯ ವರ್ಷಗಳಲ್ಲಿ ಹಡಗು ನಿಂತು ಎಂಜಿನ್ನಿನ ಬಿಡಿಭಾಗ ಬರದೆ ಹೋದಾಗ, ಮಿಸ್ತ್ರಿ ಸಾಹೇಬರು ಒಂದೊಂದನ್ನೂ ಇದರ ಮೇಲೆ ತಾವೇ ಮಾಡಿದರು, ನನಗೂ ಕಲಿಸಿದರು. ಆ ಕಲಿಕೆಗೇ ಇವರು ಈಗ ಬಂದಿರುವುದು.

ಒಂದು ಮರದ ಪೆಟ್ಟಿಗೆ ತಂದಿಟ್ಟಿದ್ದಾರೆ. ಹುಲ್ಲಿನ ನಡುವೆ ಹದಿನಾಲ್ಕು ಬಂದೂಕು. ಪೆಟ್ಟಿಗೆಯ ಮೇಲಿನ ಅಕ್ಷರ ಉರ್ದುವಲ್ಲ, ಇಂಗ್ಲಿಷೂ ಅಲ್ಲ. ಬೀದರದ ಬಯಲಿನಲ್ಲಿ ವಿಮಾನ ಇಳಿದು ಇಂಥವನ್ನು ಹಾಕಿ ಹೋಗುತ್ತಿದೆಯೆಂದು ಬಾಗಿಲವರು ಮಾತಾಡಿಕೊಳ್ಳುತ್ತಾರೆ. ದೊಡ್ಡ ಲಡಾಯಿ ಮುಗಿದು ಮಾರಲಾಗದೆ ಉಳಿದ ಮಾಲು. ಕೊಳೆತ ಹಣ್ಣನ್ನು ಸಂತೆ ಮುಗಿಯುವ ಹೊತ್ತಿಗೆ ದೂರದ ಹಳ್ಳಿಗೆ ತರುವ ಹಾಗೆ ನಮ್ಮಲ್ಲಿಗೆ ತಂದಿದ್ದಾರೆ. ಎಲ್ಲದರ ಒಳಗಿನ, ಗುಂಡಿನ ಹಿಂಬದಿಗೆ ಹೊಡೆಯುವ ಮೊಳೆ ಸವೆದಿದೆ ಇಲ್ಲವೇ ಮುರಿದಿದೆ.

ನಾನು ಬರಲಾರೆ. ನೀನು ಹೆದರಬೇಡ ಎಂದು ಬರೆದರೆ ನೀನು ನಂಬುವುದಿಲ್ಲ, ಆದ್ದರಿಂದ ಬರೆಯುವುದಿಲ್ಲ.

ನಿನ್ನ
ಧೊಂಡಿಬಾ


ಡಾಬಕಾ
೨೦ ಮೇ ೧೯೪೮

ಧೊಂಡಿಬಾ,

ಒಂದು ತಿಂಗಳು ಯೋಚಿಸಿದ್ದೇನೆ. ನೀನು ಪೆಟ್ಟಿಗೆಯ ಅಕ್ಷರದ ಬಗ್ಗೆ ಬರೆದೆ, ವಿಮಾನದ ಬಗ್ಗೆ ಬರೆದೆ. ಆ ಬಂದೂಕಿಗೆ ಕೈ ಹಚ್ಚಿದೆಯೋ ಇಲ್ಲವೋ ಎಂದು ಮಾತ್ರ ಬರೆಯಲಿಲ್ಲ. ನಾನೂ ಕೇಳುವುದಿಲ್ಲ.

ನೀನು ಮನೆ ಬಿಟ್ಟ ದಿನದ ಮಾತು ನೆನಪಿಸುತ್ತೇನೆ. ಔರಾದ ಸಂತೆಯಲ್ಲಿ ಗಿರಣಿಯ ಕಂಬಳಿ ಬಂದ ಮೇಲೆ ನಮ್ಮದನ್ನು ಯಾರೂ ಮುಟ್ಟುತ್ತಿರಲಿಲ್ಲ. “ಮಗ್ಗ ಸತ್ತದ ಅಕ್ಕ, ನೀ ಅದಕ್ಕ ನೀರು ಕುಡಸ್ಲಾಕತ್ತೀದಿ,” ಎಂದೆ. ನಾನು ಕೈಯೆತ್ತಿ ಹೊಡೆದೆ. ಗಂಗುಬಾಯಿ ತೀರಿಕೊಂಡು ಆಗಿನ್ನೂ ಎರಡು ತಿಂಗಳು. ಹೆಂಡತಿ ಸತ್ತವನನ್ನು ಹೊಡೆದೆ. ಆಮೇಲೆ ಲಡಾಯಿ ಬಂತು. ಫೌಜಿನ ಕಂಬಳಿಗೆಂದು ಗಿರಣಿಯ ಏಜೆಂಟ ಬಂದಾಗ ನಮ್ಮ ಕುರಿಗಳ ಉಣ್ಣೆಯನ್ನೆಲ್ಲ ಎರಡು ವರ್ಷ ನಾನೇ ಅವನಿಗೆ ಕೊಟ್ಟೆ. ಆ ಚಳಿಗಾಲಗಳಲ್ಲಿ ಈ ಊರಿನ ಜನ ಗೋಣಿ ಹೊದ್ದರು. ಅದು ಯಾರ ಲಡಾಯಿ, ಯಾವ ದೇಶದಲ್ಲಿ ಎಂದು ನಾನು ಕೇಳಲಿಲ್ಲ. ಇದನ್ನು ನಿನಗೆ ಯಾರಾದರೂ ಹೇಳುವ ಮೊದಲು ನಾನೇ ಹೇಳಬೇಕೆನಿಸಿತು.

ಈಗ ಕೆಲಸದ ಮಾತು. ನಿನ್ನನ್ನು ಬಿಡಿಸುವ ದಾರಿ ನನಗೆ ಗೊತ್ತಿದೆ. ಅಪ್ಪ ನನ್ನನ್ನು ಬೀದರದ ಬೋರ್ಡಿಂಗಿನಲ್ಲಿ ಇಟ್ಟು ಹೈಸ್ಕೂಲಿನವರೆಗೆ ಓದಿಸಿದ್ದು ಸುಮ್ಮನೆ ಅಲ್ಲ. ಉರ್ದುವಿನ ಮೌಲ್ವಿ ಸಾಹೇಬರು ಅರ್ಜಿ ಬರೆಯುವ ಕ್ರಮವನ್ನು ಕಲಿಸಿದ್ದರು: ಮೊದಲು ಸೇವೆ, ಆಮೇಲೆ ಬೇಡಿಕೆ. ಬೇಡುವವನು ತಾನು ಮಾಡಿದ ಸೇವೆಯನ್ನು ಮುಂದಿಟ್ಟೇ ಬೇಡಬೇಕು, ಇಲ್ಲದಿದ್ದರೆ ದಫ್ತರದಲ್ಲಿ ಎರಡನೆಯ ಸಾಲು ಓದುವುದಿಲ್ಲ. ಇದೇ ಕ್ರಮದಲ್ಲಿ ಬರೆದು ಕುರಿಗಳಿಗೆ ಅಡವಿಯ ಪರವಾನಗಿ ತಂದಿದ್ದೇನೆ. ಸುತ್ತಲಿನ ಹತ್ತು ಊರಿಗೆ ಅರ್ಜಿ ಬರೆದುಕೊಟ್ಟಿದ್ದೇನೆ, ಒಂದೂ ತಿರುಗಿ ಬಂದಿಲ್ಲ.

ರಜಾಕಾರರ ಮುಖ್ಯಸ್ಥ ಸಾಲಾರ ಸಾಹೇಬನಿಗೆ ನಿನ್ನೆ ಕಳಿಸಿದ್ದನ್ನು ನಿನಗೆ ಕನ್ನಡದಲ್ಲಿ ಇಳಿಸಿದ್ದೇನೆ.

“ದೀನರ ಆಶ್ರಯದಾತರಾದ ಸಾಲಾರ ಸಾಹೇಬರ ಸನ್ನಿಧಿಗೆ ಡಾಬಕಾ ಗ್ರಾಮದ ಹೀರಾಬಾಯಿಯ ವಿನಯದ ಅರ್ಜಿ. ಅರ್ಜಿದಾರಳ ತಮ್ಮ ಧೊಂಡಿಬಾ ತಮ್ಮ ಆಜ್ಞೆಯಂತೆ ಬಂದೂಕುಗಳನ್ನು ಮನಸ್ಸಿಟ್ಟು ದುರಸ್ತಿ ಮಾಡಿ ನಿಷ್ಠೆ ತೋರಿದ್ದಾನೆ. ಅವನ ಕೈಗೆ ಆಗದ ಕೆಲಸವಿಲ್ಲ. ಪ್ರಾಣವಿರುವವರೆಗೆ ಇದೇ ಸೇವೆಯಲ್ಲಿ ಇರುವನು. ಮಳೆಗೆ ಮೊದಲು ಕುರಿಗಳ ಉಣ್ಣೆ ಕತ್ತರಿಸುವುದು ನಮ್ಮ ಕುಲದ ಕೆಲಸ, ಮನೆಯಲ್ಲಿ ಗಂಡಸರ ಕೈ ಇಲ್ಲ. ಆದ್ದರಿಂದ ಅವನಿಗೆ ಹದಿನೈದು ದಿನದ ರಜೆ ದಯಪಾಲಿಸಬೇಕು.”

ರಜೆ ಸಿಕ್ಕ ದಿನ ಹೊರಟು ಬಾ. ಹದಿನೈದು ದಿನ ಮುಗಿದ ಮೇಲೆ ನೀನು ಎಲ್ಲಿರುತ್ತೀ ಎಂಬುದು ನನಗೆ ಬಿಡು. ಹಣಮಂತಪ್ಪ ಕುರಿಗಳನ್ನು ಗೋದಾವರಿಯ ಕಡೆಗೆ ಹೊಡೆಯುತ್ತಾನೆ, ಇನ್ನೂರು ಕುರಿಯ ಹಿಂದೆ ಕಂಬಳಿ ಹೊದ್ದು ನಡೆಯುವವನ ಮುಖವನ್ನು ಯಾರೂ ನೋಡುವುದಿಲ್ಲ.

ಹೀರಾಬಾಯಿ


ಭಾಲ್ಕಿ
೨ ಜುಲೈ ೧೯೪೮

ಅಕ್ಕನಿಗೆ ನಮಸ್ಕಾರ.

ರಜೆ ಸಿಗಲಿಲ್ಲ. ಹೇಗೆ ಬರೆಯಲಿ ಎಂದು ಇಷ್ಟು ದಿನ ತಡ ಮಾಡಿದೆ.

ನೀನು ಅರ್ಜಿಯಲ್ಲಿ ಬರೆದದ್ದು ಆ ದಿನದವರೆಗೆ ಸುಳ್ಳಾಗಿತ್ತು. ನಾನು ಒಂದು ಬಂದೂಕನ್ನೂ ಸರಿ ಮಾಡಿರಲಿಲ್ಲ. ನನಗೂ ಮಿಸ್ತ್ರಿ ಸಾಹೇಬರಿಗೂ ಒಂದು ಒಪ್ಪಂದವಾಗಿತ್ತು. ಒಂದು ದಿನ ಉಕ್ಕು ಸರಿಯಿಲ್ಲ ಎನ್ನುವುದು, ಇನ್ನೊಂದು ದಿನ ಯಂತ್ರದ ಪಟ್ಟಿ ಹರಿದಿದೆ ಎನ್ನುವುದು. ಈ ಪರದೇಶದ ಮಾಲು ನಮ್ಮಂಥ ಹತ್ತಿ ಕಾರಖಾನೆಯವರ ಕೈಗೆ ಆಗುವುದಲ್ಲ ಎಂದು ಮಿಸ್ತ್ರಿ ಸಾಹೇಬರು ದಿನಾ ಹಣೆ ಒರೆಸಿಕೊಂಡು ಹೇಳುತ್ತಿದ್ದರು. ರಜಾಕಾರರು ನಂಬಿದ್ದರು. ಪೆಟ್ಟಿಗೆಯನ್ನು ಹೈದರಾಬಾದಿಗೆ ಒಯ್ಯುವ ಮಾತೂ ನಡೆದಿತ್ತು.

ಸಾಲಾರ ನಿನ್ನ ಅರ್ಜಿಯನ್ನು ಕೈಯಲ್ಲಿ ಹಿಡಿದು ಬಂದ. ಎಲ್ಲರ ಮುಂದೆ ಗಟ್ಟಿಯಾಗಿ ಓದಿದ. ಉರ್ದು ಎಷ್ಟು ಚೆನ್ನಾಗಿದೆ ಎಂದ. ಆಮೇಲೆ, “ಕೈಗೆ ಆಗದ ಕೆಲಸ ಇಲ್ಲ ಅಂತ ನಿನ್ನ ಅಕ್ಕನೇ ಬರದಾಳ. ಈಗ ಹೇಳು, ಅಕ್ಕ ಸುಳ್ಳೋ ನೀ ಸುಳ್ಳೋ?” ಎಂದು ಕೇಳಿದ. ನಗುತ್ತಲೇ ಕೇಳಿದ. ನನ್ನ ಕೈಯನ್ನು ಹಿಡಿದು ಲೇತಿನ ಮೇಲಿಟ್ಟ. ಯಂತ್ರ ತಿರುಗುತ್ತಿತ್ತು.

ಸುಳ್ಳು ನಿನ್ನದು ಎಂದಿದ್ದರೆ ಆರು ಮಂದಿ ಮರುದಿನವೇ ಡಾಬಕಾಕ್ಕೆ ಬರುತ್ತಿದ್ದರು. ಅದಕ್ಕೆ ಸುಳ್ಳು ನನ್ನದೇ ಎಂದೆ.

ಹದಿನಾಲ್ಕೂ ಮಾಡಿಕೊಟ್ಟಿದ್ದೇನೆ. ಹದಿನಾಲ್ಕೂ ಸರಿಯಾಗಿ ನಡೆಯುತ್ತವೆ. ಒಂದೊಂದನ್ನೂ ನನ್ನ ಮುಂದೆಯೇ ಹಾರಿಸಿ ನೋಡಿಕೊಂಡರು.

ಹಣಮಂತಪ್ಪನನ್ನು ಮತ್ತೆ ಇಲ್ಲಿಗೆ ಕಳಿಸಬೇಡ. ದಾರಿ ಚೆನ್ನಾಗಿಲ್ಲ.

ಧೊಂಡಿಬಾ


ಡಾಬಕಾ
೧೪ ಆಗಸ್ಟ್ ೧೯೪೮

ಧೊಂಡಿಬಾ,

ಬೇಡವೆಂದರೂ ಹಣಮಂತಪ್ಪನೇ ಬರುತ್ತಾನೆ. ಬೇರೆ ಯಾರನ್ನು ನಂಬಲಿ.

ನಿನ್ನ ಪತ್ರ ಮುಟ್ಟಿತು.

ಇಲ್ಲಿಯ ಸುದ್ದಿ ಇಷ್ಟು. ಹೋದ ಸೋಮವಾರ ಹಳ್ಳದಾಚೆಯ ಊರಿನ ಕಡೆ ಮುಂಜಾನೆಯಿಂದ ಹೊಗೆ. ಮಧ್ಯಾಹ್ನಕ್ಕೆ ಜನ ಗಂಟು ಹೊತ್ತು ಬರತೊಡಗಿದರು. ಯಾರೂ ಅಳುತ್ತಿರಲಿಲ್ಲ. ಅಷ್ಟು ಜನ ಅಷ್ಟು ಸದ್ದಿಲ್ಲದೆ ನಡೆಯುವುದನ್ನು ನಾನು ಎಂದೂ ನೋಡಿರಲಿಲ್ಲ. ನಮ್ಮೂರಿನ ಸಖುಬಾಯಿಯ ಗಂಡ ಅಲ್ಲಿಗೆ ಎತ್ತು ಕೊಳ್ಳಲು ಹೋಗಿದ್ದ. ಅವನನ್ನು ಬಂಡಿಯಲ್ಲಿ ತಂದರು.

ನಿನ್ನೆ ಸಖುಬಾಯಿ ನನ್ನ ಬಳಿ ಬಂದಳು. ಮಡಚಿದ ಕಂಬಳಿ ಕೈಯಲ್ಲಿತ್ತು. ಅವನು ಹೊದ್ದುಕೊಂಡು ಹೋಗಿದ್ದ ಕಂಬಳಿ, ನಮ್ಮ ಮಗ್ಗದ್ದು. ತೊಳೆದು ಒಣಗಿಸಿದ್ದಳು.

“ಇದೊಂದು ತೂತು ಮುಚ್ಚಿ ಕೊಡ್ರಿ ಬಾಯಿ. ಮನ್ಯಾಗ ಬ್ಯಾರೆ ಹೊದಕಿ ಇಲ್ಲ. ಮಳಿಗಾಲ ಅದ,” ಎಂದಳು.

ಒಂದಲ್ಲ, ಗುಂಡಿನ ತೂತು ಎರಡು, ನನ್ನ ಕಿರುಬೆರಳು ಹೋಗುವಷ್ಟು. ಬೆನ್ನಿನ ಕಡೆಯದು ಸಣ್ಣದು, ಎದೆಯ ಕಡೆಯದು ದೊಡ್ಡದು. ಎರಡನ್ನೂ ಅದೇ ಬಣ್ಣದ ಉಣ್ಣೆ ಹುಡುಕಿ ಮುಚ್ಚಿದೆ. ಅವಳು ನನ್ನ ಎದುರಿಗೇ ಕುಳಿತಿದ್ದಳು. “ನೀವು ಮುಚ್ಚಿದ್ದು ಗೊತ್ತೇ ಆಗೂದಿಲ್ಲ ನೋಡ್ರಿ,” ಎಂದು ಹೊಗಳಿ ಹೋದಳು.

ರಜಾಕಾರರ ಬಳಿ ಬಂದೂಕು ನೂರಾರು ಇವೆ. ಹದಿನಾಲ್ಕೇ ಅಲ್ಲ. ಹೀಗೆಂದು ದಿನಕ್ಕೆ ಎಷ್ಟು ಸಲ ಹೇಳಿಕೊಳ್ಳುತ್ತೇನೋ.

ಉಣ್ಣು. ನಿನ್ನ ಆರೋಗ್ಯ ನೋಡಿಕೋ.

ಹೀರಾಬಾಯಿ


ಡಾಬಕಾ
೨೭ ಸೆಪ್ಟೆಂಬರ್ ೧೯೪೮

ಧೊಂಡಿಬಾ,

ಎಲ್ಲ ಐದು ದಿನದಲ್ಲಿ ಮುಗಿಯಿತು. ಬೀದರದ ಕಡೆ ಗುಡುಗಿದ ಹಾಗೆ ಕೇಳಿತು. ಮಳೆ ಎಂದುಕೊಂಡೆವು. ಆಮೇಲೆ ಹಿಂದುಸ್ತಾನದ ಫೌಜು ಬಂದಿದೆ ಎಂದರು, ನಿಜಾಮರು ಸೋತರು ಎಂದರು. ಊರವರು ಚಾವಡಿಯ ಮುಂದೆ ಗುಲಾಲು ಎರಚಿದರು. ಜ್ಞಾನೇಶ್ವರ ಎಲ್ಲರಿಗಿಂತ ಹೆಚ್ಚು ಎರಚಿದ.

ನೀನು ಹಣಮಂತಪ್ಪನ ಜೊತೆ ಕಳಿಸಿದ ಕುಲಸುಮಬೀ ನಮ್ಮ ಮನೆ ಸೇರಿದ್ದಾಳೆ. ಅವಳ ಗಂಡನನ್ನು, ನಿನ್ನ ಮಿಸ್ತ್ರಿ ಸಾಹೇಬರನ್ನು, ಕಾರಖಾನೆಯ ಬಾಗಿಲಲ್ಲೇ ಹೊಡೆದು ಹಾಕಿದರೆಂದು ಹಣಮಂತಪ್ಪ ಹೇಳಿದ. ಹೊಡೆದವರು ರಜಾಕಾರರಲ್ಲ, ಈಗ ಗೆದ್ದ ಕಡೆಯ ಊರವರು ಎಂದ. ಆರು ವಾರ ಉಕ್ಕು ಸರಿಯಿಲ್ಲ ಎಂದು ಸುಳ್ಳು ಹೇಳಿ ತಡೆದ ಮನುಷ್ಯನನ್ನು. ಅವಳು ಉಣ್ಣೆಯ ಕೋಣೆಯಲ್ಲಿ ಕುಳಿತು ಉಣ್ಣೆ ಬಿಡಿಸುತ್ತಾಳೆ, ತಲೆ ಎತ್ತುವುದಿಲ್ಲ. ಮೂರನೆಯ ದಿನ ಒಂದೇ ಮಾತಾಡಿದಳು: “ಬಾಯಿ, ನನ್ನ ಇಟ್ಟುಕೊಂಡ್ರ ನಿಮಗ ತ್ರಾಸ ಆಗ್ತದ.” “ನನ್ನ ಮನ್ಯಾಗ ಯಾರಿರಬೇಕು ಅಂತ ನಾ ಹೇಳ್ತೇನಿ. ಊಟ ಮಾಡು,” ಎಂದೆ. ಊರಿಗೆ ಗೊತ್ತಿದೆ. ಇದುವರೆಗೆ ಯಾರೂ ಬಂದು ಕೇಳಿಲ್ಲ.

ಈಗ ನಿನ್ನದು. ಸಾಲಾರ ಓಡಿಹೋದ, ಆದರೆ ಅವನ ದಫ್ತರದ ಕಾಗದಗಳು ಓಡಿಹೋಗಲಿಲ್ಲ. ಫೌಜಿನವರು ಅವನ್ನೆಲ್ಲ ಗಂಟು ಕಟ್ಟಿ ಬೀದರಕ್ಕೆ ಒಯ್ದರಂತೆ. ಅದರಲ್ಲಿ ನಾನು ಬರೆದದ್ದೂ ಇದೆ. ನಿನ್ನ ಹೆಸರು, ನಿನ್ನ ಊರು, ನೀನು ಮನಸ್ಸಿಟ್ಟು ಮಾಡಿದ ಸೇವೆ. ಇಷ್ಟು ಸ್ಪಷ್ಟವಾಗಿ ಯಾವ ವೈರಿಯೂ ಬರೆದುಕೊಡುತ್ತಿರಲಿಲ್ಲ.

ಹಿಡಿದರೆ ಹೀಗೆ ಹೇಳು: ಹೊಡೆಯುವ ಮೊಳೆಯನ್ನು ಬೇಕೆಂದೇ ಗಿಡ್ಡ ಮಾಡಿದೆ, ಒಂದೂ ಹಾರುವುದಿಲ್ಲ. ಮಿಸ್ತ್ರಿ ಸಾಹೇಬರ ಹೆಸರು ಹೇಳು, ಅವರೇ ಕಲಿಸಿದರು ಎನ್ನು. ನಾನು ಹೇಳಿದ ಹಾಗೇ ಹೇಳಬೇಕು. ನಿನ್ನನ್ನು ಹುಡುಕಿ ಮೊದಲು ಇಲ್ಲಿಗೇ ಬರುತ್ತಾರೆ, ಆದ್ದರಿಂದ ಅಡಗಿದಲ್ಲೇ ಇರು, ಹಗಲಿನಲ್ಲಿ ಹೊರಗೆ ಬರಬೇಡ.

ಹೀರಾಬಾಯಿ


ಬೀದರ ಜೇಲು
೨೪ ಅಕ್ಟೋಬರ್ ೧೯೪೮

ಅಕ್ಕನಿಗೆ,

ಕಾವಲಿನವರಲ್ಲಿ ಒಬ್ಬ ಔರಾದ ಕಡೆಯವನು. ಅವನ ಕೈಯಲ್ಲಿ ಈ ಕಾಗದ.

ನೀನು ಹೇಳಿದ ಹಾಗೆ ಹೇಳಲಾಗಲಿಲ್ಲ. ಹದಿನಾಲ್ಕರಲ್ಲಿ ಒಂಬತ್ತು ಸಿಕ್ಕಿವೆ. ಅಧಿಕಾರಿ ನನ್ನನ್ನು ಅಂಗಳಕ್ಕೆ ಕರೆದು ಒಂದನ್ನು ಎತ್ತಿ ಗೋಡೆಗೆ ಹಾರಿಸಿದ. ಮೊಳೆಯನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿದ. “ಕೆಲಸ ಚೊಲೊ ಅದ ಅಂತಾರ ಸಾಹೇಬರು,” ಎಂದು ಗುಮಾಸ್ತ ನನಗೆ ತಿಳಿಸಿದ. ಅಕ್ಕ, ಕೆಟ್ಟ ಕೆಲಸ ಮಾಡಲು ನನಗೆ ಬರುವುದಿಲ್ಲ. ಆ ದಿನಗಳಲ್ಲೂ ಯಂತ್ರದ ಮುಂದೆ ನಿಂತರೆ ಮೊಳೆಯ ಅಳತೆ ಬಿಟ್ಟು ಬೇರೇನೂ ತಲೆಯಲ್ಲಿ ಉಳಿಯುತ್ತಿರಲಿಲ್ಲ. ಇದನ್ನು ಅವರಿಗೆ ಹೇಳಲಿಲ್ಲ, ನಿನಗೆ ಹೇಳುತ್ತಿದ್ದೇನೆ.

ಅರ್ಜಿಯನ್ನು ಓದಿಸಿದರು. ಯಾರು ಬರೆದದ್ದು ಎಂದು ಕೇಳಿದರು. ಔರಾದ ಕಚೇರಿಯ ಮುಂದೆ ಕೂರುವ ಯಾರೋ ಅರ್ಜಿ ಬರೆಯುವವನು, ನನ್ನ ಅಕ್ಕ ಓದು ಬರಹ ಅರಿಯದವಳು, ಹೆಬ್ಬೆಟ್ಟು ಒತ್ತುವವಳು ಎಂದೆ. ನೀನು ಕೇಳಿದ್ದರೆ ಮತ್ತೊಮ್ಮೆ ಕೈಯೆತ್ತುತ್ತಿದ್ದೆ.

ಕೆಲವರನ್ನು ಗುಲ್ಬರ್ಗಾದ ಕಡೆ ಒಯ್ಯುತ್ತಾರೆ. ಅವರು ಮರಳಿದ್ದನ್ನು ನಾನು ನೋಡಿಲ್ಲ. ನನ್ನ ಸರದಿ ನವೆಂಬರಿನ ಕೊನೆಗೆ ಎನ್ನುತ್ತಾರೆ. ನೀನು ಇಲ್ಲಿಗೆ ಬರಬಾರದು. ಬಂದರೆ ನಿನ್ನನ್ನೂ ಒಳಗೆ ಹಾಕುತ್ತಾರೆ, ಮೇಲಾಗಿ ಊರಿಗೆಲ್ಲ ತಿಳಿಯುತ್ತದೆ. ಸಖುಬಾಯಿಗೂ ತಿಳಿಯುತ್ತದೆ. ಮನೆಯಲ್ಲೇ ಇರು.

ಧೊಂಡಿಬಾ


ಮೈಲೂರ, ಬೀದರ
೨೨ ನವೆಂಬರ್ ೧೯೪೮

ಧೊಂಡಿಬಾ,

ನೀನು ನನ್ನನ್ನು ಹೆಬ್ಬೆಟ್ಟಿನವಳು ಎಂದದ್ದನ್ನು ಸಹಿಸುವುದಿಲ್ಲ ಎಂದು ನಿನಗೆ ಗೊತ್ತಿರಬೇಕಿತ್ತು. ನನ್ನ ಜೊತೆ ಬೋರ್ಡಿಂಗಿನಲ್ಲಿ ಓದಿದ ಕೌಸಲ್ಯಾಬಾಯಿಯ ಮನೆಯಲ್ಲಿ ಇಳಿದಿದ್ದೇನೆ. ಮೂರು ದಿನ ಫೌಜಿನ ಕಚೇರಿಯ ಮುಂದೆ ಕುಳಿತೆ. ಇಂದು ಕರೆದರು. ಅಧಿಕಾರಿ ಹುಡುಗು ಮುಖದವನು, ಮದ್ರಾಸಿನ ಕಡೆಯವನು. ಗುಮಾಸ್ತ ಧಾರವಾಡದವನು.

ಅರ್ಜಿ ಬರೆದವಳು ನಾನೇ ಎಂದೆ. ಅಧಿಕಾರಿ ನನ್ನ ಕಂಬಳಿಯನ್ನೂ ಕಾಲನ್ನೂ ನೋಡಿದ.

“ಸಾಹೇಬರು ಕೇಳ್ತಾರ, ಕುರಿಗಾರರ ಹೆಣ್ಣುಮಗಳು ಇಂಥಾ ಉರ್ದು ಹ್ಯಾಂಗ ಬರೀತಾಳ ಅಂತ.”

“ಕಾಗದ ಕೊಡ್ರಿ.”

ಮೊದಲ ನಾಲ್ಕು ಸಾಲನ್ನು ನೋಡದೆ ಬರೆದುಕೊಟ್ಟೆ. ಇಬ್ಬರೂ ಎರಡು ಕಾಗದವನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರು.

“ತಮ್ಮ ಬಂದೂಕ ಮಾಡ್ಯಾನ ಅಂತ ನಿಮಗ ಯಾರು ಹೇಳಿದ್ರು?”

“ಯಾರೂ ಹೇಳಿ ಇಲ್ಲ. ಮೊದಲು ಸೇವಾ ಬರೀಬೇಕು, ಆಮ್ಯಾಲ ಬೇಡಬೇಕು. ಸಾಲಿಯಾಗ ಹಾಂಗೇ ಕಲಿಸ್ಯಾರ್ರಿ.”

ಗುಮಾಸ್ತ ಇದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅಧಿಕಾರಿ ನಕ್ಕುಬಿಟ್ಟ. ನನ್ನ ಬರಹ ಕಂಡು ಇಷ್ಟು ವರ್ಷದಲ್ಲಿ ಯಾರೂ ನಕ್ಕಿರಲಿಲ್ಲ. ತಲೆ ತಗ್ಗಿಸಲಿಲ್ಲ, ಆದರೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

“ಹಂಗಾದ್ರ ಅವ ಬಂದೂಕ ಮಾಡೇ ಇಲ್ಲ ಅಂತೀರೇನು?”

ಇಲ್ಲ ಎಂದರೆ ನೀನು ಉಳಿಯುತ್ತೀಯೇನೋ ಎನಿಸಿತು. ಆದರೆ ಒಂಬತ್ತು ಬಂದೂಕು ಅವನ ಹಿಂದಿನ ಗೋಡೆಗೇ ಒರಗಿದ್ದವು.

“ನಾ ಬರೆಯೋ ತನಕ ಮಾಡಿರಲಿಲ್ಲ. ನಾ ಬರದದ್ದಕ್ಕೇ ಮಾಡ್ಯಾನ. ಅವನ್ನ ಬಿಟ್ಟು ನನ್ನ ಇಟ್ಟುಕೊಳ್ರಿ.”

ಬಹಳ ಹೊತ್ತು ಅವರೇ ಮಾತಾಡಿಕೊಂಡರು. ನಾನು ಓದಿದ ಇಂಗ್ಲಿಷಿನಲ್ಲಿ ಎರಡು ಮೂರು ಪದ ಸಿಕ್ಕಿದವು. ಕೊನೆಗೆ ಗುಮಾಸ್ತ ಹೇಳಿದ: “ಮುದುಕಿನ ಜೇಲಿಗೆ ಹಾಕಿ ಏನು ಮಾಡೂದು ಅಂತಾರ. ನಮ್ಮ ಲಾರಿ ಹನ್ನೊಂದು ಕೆಟ್ಟು ನಿಂತಾವ, ಬೀದರದಾಗ ಒಬ್ಬ ಮಿಸ್ತ್ರಿ ಉಳದಿಲ್ಲ. ಇದ್ದವರು ಓಡಿ ಹೋದ್ರು, ಇಲ್ಲಾ ಸತ್ತೇ ಹೋದ್ರು. ನಿಮ್ಮ ತಮ್ಮ ಮಾರ್ಚಿನ ತನಕ ಫೌಜಿನ ವರ್ಕ್‌ಶಾಪಿನಾಗ ಕೆಲಸ ಮಾಡ್ಲಿ. ಆಮ್ಯಾಲ ಮನಿಗೆ ಕಳಸ್ತೀವಿ.”

ಗುಲ್ಬರ್ಗಾಕ್ಕೆ ಇಲ್ಲವೇ ಎಂದು ಎರಡು ಸಲ ಕೇಳಿದೆ. ಇಲ್ಲ ಎಂದ. ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಕೌಸಲ್ಯಾಬಾಯಿ ಬಂದು ಎಬ್ಬಿಸಿದಳು.

ಹೀರಾಬಾಯಿ


ಬೀದರ
೧೫ ಡಿಸೆಂಬರ್ ೧೯೪೮

ಅಕ್ಕನಿಗೆ ನಮಸ್ಕಾರ.

ಕೋಣೆಯಿಂದ ಹೊರಗೆ ಬಂದಿದ್ದೇನೆ. ಎರಡು ಹೊತ್ತು ಊಟ ಕೊಡುತ್ತಾರೆ. ಲಾರಿಗಳು ಅಮೇರಿಕೆಯವು, ಅವೂ ದೊಡ್ಡ ಲಡಾಯಿಯಲ್ಲಿ ಉಳಿದ ಮಾಲು. ಅವುಗಳ ಬಿಡಿಭಾಗ ಸಿಗುವುದಿಲ್ಲ, ನಾನು ಮಾಡುತ್ತೇನೆ. ಹನ್ನೊಂದರಲ್ಲಿ ಏಳು ಎದ್ದಿವೆ.

ನಿನ್ನೆ ಆ ಒಂಬತ್ತು ಬಂದೂಕನ್ನು ನನ್ನ ಮುಂದೆ ತಂದಿಟ್ಟರು. ಎಣ್ಣೆ ಹಾಕಿ ಒರೆಸಿ ಕೊಡಬೇಕು, ಹೊಸ ಪೊಲೀಸರಿಗೆ ಬೇಕಂತೆ. ಒರೆಸಿ ಕೊಟ್ಟೆ. ನನ್ನನ್ನು ಬೈದವರಿಲ್ಲ, ಬೆದರಿಸಿದವರಿಲ್ಲ. ಒಬ್ಬ ಸಿಪಾಯಿ ಬೀಡಿ ಕೊಟ್ಟ. ಅದನ್ನು ಸೇದದೆ ಕಿಸೆಯಲ್ಲಿ ಇಟ್ಟುಕೊಂಡಿದ್ದೇನೆ.

ಮಾರ್ಚಿನವರೆಗೆ ಕಾಯುವುದು ಬೇಡ, ಸಂಕ್ರಾಂತಿಗೇ ಬಿಡುತ್ತೇವೆ ಎನ್ನುತ್ತಿದ್ದಾರೆ. ಬಿಟ್ಟ ದಿನವೇ ಹೊರಡುತ್ತೇನೆ. ಭಾಲ್ಕಿಗೆ ಹೋಗುವುದಿಲ್ಲ. ಮಗ್ಗದ ಮುಂದೆ ಕೂರಿಸು, ಕೂರುತ್ತೇನೆ.

ಧೊಂಡಿಬಾ


ಡಾಬಕಾ
೪ ಜನವರಿ ೧೯೪೯

ಧೊಂಡಿಬಾ,

ನಾನು ಹೇಳುವವರೆಗೆ ಬರಬೇಡ. ಸಂಕ್ರಾಂತಿಗೆ ಬಿಟ್ಟರೂ ಬರಬೇಡ. ಅಲ್ಲೇ ಕೆಲಸ ಕೊಡಿ ಎಂದು ಕೇಳಿಕೋ, ಕಾಲು ಹಿಡಿದಾದರೂ ಕೇಳು.

ಬೀದರದಲ್ಲಿ ಯಾರೋ ಹುಡುಗು ಅಧಿಕಾರಿಗೆ ಹೇಳಿದ್ದನ್ನು ಸಖುಬಾಯಿಗೆ ಹೇಳದೆ ಇರಲು ನನ್ನಿಂದ ಆಗಲಿಲ್ಲ. ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳಬೇಕೆಂದು ಹೋದ ವಾರ ಅವಳ ಮನೆಗೆ ಹೋದೆ. ನಾನು ಯಾರ ಮನೆಗೂ ಹೋಗುವವಳಲ್ಲ. ಅವಳು ಗಾಬರಿಯಾಗಿ ಚಾಪೆ ಹಾಸಿದಳು. ಅರ್ಜಿ, ಹದಿನಾಲ್ಕು ಬಂದೂಕು, ಎಲ್ಲ ಹೇಳಿದೆ. ಆ ಗುಂಡು ಅವುಗಳಲ್ಲಿ ಒಂದರದೋ ಅಲ್ಲವೋ ಯಾರಿಗೂ ಗೊತ್ತಿಲ್ಲ ಎಂದೂ ಹೇಳಿದೆ.

“ಕಂಬಳಿ ತಂದಾಗ ನಿಮಗ ಗೊತ್ತಿತ್ತೇನ್ರಿ ಬಾಯಿ?”

“ಗೊತ್ತಿತ್ತು.”

“ನಾ ನಿಮ್ಮ ಕೈ ಹೊಗಳಿ ಬಂದೆ.”

ಅಷ್ಟೇ ಅಂದಳು. ಬೈಯಲಿಲ್ಲ. ಬಾಗಿಲವರೆಗೆ ಬಂದು ಕಳಿಸಿಕೊಟ್ಟಳು. ಅವಳ ಇಬ್ಬರು ಮೈದುನರು ಹಿಂದಿನ ಕೋಣೆಯಲ್ಲಿ ಉಣ್ಣುತ್ತಿದ್ದರೆಂದು ನಾನು ಹೊರಗೆ ಬಂದಾಗ ತಿಳಿಯಿತು. ಅವರ ತಾಟಿನ ಸದ್ದು ನಿಂತಿತ್ತು.

ಮರುದಿನದಿಂದ ಅವರು ಔರಾದ ರಸ್ತೆಗೆ ಕಾಣುವ ಬೇವಿನ ಕಟ್ಟೆಯ ಮೇಲೆ ಕೂರುತ್ತಾರೆ. ಹಗ್ಗ ಹೊಸೆಯುತ್ತಾರೆ. ಹೊಲದಲ್ಲಿ ಜೋಳ ತೆನೆ ಕಟ್ಟಿದೆ, ಹಕ್ಕಿ ಕಾಯಲು ಹೋಗುವುದಿಲ್ಲ. ನಿನ್ನೆ ನಾನು ಹಾದು ಹೋಗುವಾಗ ಹಿರಿಯವನು ಎದ್ದು ನಿಂತು ಕೈ ಮುಗಿದ.

“ಧೊಂಡಿಬಾ ಯಾವಾಗ ಬರ್ತಾನ್ರಿ ಬಾಯಿ?”

ಮರ್ಯಾದೆಯಿಂದಲೇ ಕೇಳಿದ. ಗೊತ್ತಿಲ್ಲ ಎಂದೆ. “ಬರೋ ದಿನಾ ಹೇಳ್ರಿ. ಕರಕೊಂಡು ಬರ್ಲಾಕ ನಾವು ಹೋಗ್ತೇವಿ,” ಎಂದ. ಕಿರಿಯವನು ತಲೆ ಎತ್ತದೆ ಹಗ್ಗ ಹೊಸೆಯುತ್ತಲೇ ಇದ್ದ.

ಪೊಲೀಸರಿಗೆ ಹೇಳಲಾರೆ. ಅವರ ಕೈಯಲ್ಲಿ ಇರುವುದು ಯಾವ ಬಂದೂಕು ಎಂದು ನೀನೇ ಬರೆದಿದ್ದೀ. ಸಖುಬಾಯಿಯ ಕಾಲಿಗೆ ಬಿದ್ದು ಬೇಡೋಣವೆಂದರೆ, ಅವಳ ಮುಂದೆ ಇಡಲು ನನ್ನ ಬಳಿ ಏನಿದೆ.

ಈ ಪತ್ರವನ್ನು ಹಣಮಂತಪ್ಪನ ಕೈಯಲ್ಲಿ ಕೊಡುವುದಿಲ್ಲ. ಅವರು ಕೇಳಿದರೆ ಅವನು ಹೆದರಿ ಹೇಳಿಬಿಡುತ್ತಾನೆ. ಕುಲಸುಮಬೀ ತಾನು ಒಯ್ಯುತ್ತೇನೆ ಎಂದಳು. ಅವಳನ್ನು ಆ ಕಟ್ಟೆಯ ಮುಂದೆ ಕಳಿಸುವುದು ಹೇಗೆ. ನಾನೇ ಔರಾದಿಗೆ ನಡೆದು ಹೋಗಿ ಅಂಚೆಗೆ ಹಾಕುತ್ತೇನೆ. ಬೇರೆ ದಾರಿ ಇಲ್ಲ. ಅವರು ಏಳುತ್ತಾರೆ, ಕೈ ಮುಗಿಯುತ್ತಾರೆ, ಎಲ್ಲಿಗೆ ಹೊರಟಿರಿ ಎಂದು ಕೇಳುತ್ತಾರೆ. ಹತ್ತು ಊರಿಗೆ ಮಾತು ಜೋಡಿಸಿ ಕೊಟ್ಟವಳು ನಾನು. ಅವರಿಗೆ ಹೇಳಲು ಒಂದು ಮಾತು ಮುಂಜಾನೆಯಿಂದ ಹುಡುಕುತ್ತಿದ್ದೇನೆ. ಇನ್ನೂ ಸಿಕ್ಕಿಲ್ಲ. ಬಿಸಿಲು ಏರುತ್ತಿದೆ, ಹೊರಡುತ್ತೇನೆ.

ಅಕ್ಕ
ಹೀರಾಬಾಯಿ